ಕರಡಿ ಎದುರಾಗುವ ಮುನ್ನ

ಕರಡಿ ಎದುರಾದರೆ ಏನು ಮಾಡಬೇಕು? ನಾರಾಯಣಪೇಟೆಯಲ್ಲಿ ಕೇಳಿದರೂ, ಮಕ್ತಲ್‌ನಲ್ಲಿ ಕೇಳಿದರೂ, ಗದ್ವಾಲದಲ್ಲಿ ಕೇಳಿದರೂ ಹೆಚ್ಚಿನವರ ಬಾಯಲ್ಲಿರುವ ಉತ್ತರ ಒಂದೇ. ಉಸಿರು ಬಿಗಿಹಿಡಿದು ಸತ್ತವರ ಹಾಗೆ ಬಿದ್ದುಕೊಳ್ಳಬೇಕು, ಕರಡಿ ಹೆಣ ಮುಟ್ಟುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವರೂ ತೆಲುಗು ಶಾಲೆಯಲ್ಲಿ ಕಲಿತವರೂ ಇದನ್ನೇ ಹೇಳುತ್ತಾರೆ. ಈ ಬುದ್ಧಿಮಾತು ಕಾಡಿನಲ್ಲಿ ಬದುಕಿದವರಿಂದ ಬಂದದ್ದಲ್ಲ. ಈಸೋಪನ ಹೆಸರಿನಲ್ಲಿ ಗ್ರೀಸಿನಿಂದ ಹೊರಟು ನಮ್ಮ ಪಠ್ಯಪುಸ್ತಕಗಳನ್ನು ಸೇರಿದ ಇಬ್ಬರು ಗೆಳೆಯರ ಕಥೆಯಿಂದ ಬಂದದ್ದು. ಒಬ್ಬ ಮರ ಹತ್ತುತ್ತಾನೆ, ಇನ್ನೊಬ್ಬ ನೆಲಕ್ಕೆ ಬಿದ್ದುಕೊಳ್ಳುತ್ತಾನೆ, ಕರಡಿ ಕಿವಿಯ ಹತ್ತಿರ ಮೂಸಿ ಹೊರಟುಹೋಗುತ್ತದೆ. ಗೆಳೆತನದ ಬಗ್ಗೆ ಹೇಳಲು ಕಟ್ಟಿದ ಕಥೆಯಾಗಿ ಅದು ಚೆನ್ನಾಗಿಯೇ ಇದೆ. ಪ್ರಾಣ ಉಳಿಸಿಕೊಳ್ಳುವ ವಿದ್ಯೆಯಾಗಿ ಅದನ್ನು ನಂಬುವುದು ಅಪಾಯ. ಆದ್ದರಿಂದ ಕರಡಿಯ ವಿಷಯದಲ್ಲಿ ನಮಗೆ ಸಿಗುತ್ತಿರುವ ಉಪದೇಶಗಳನ್ನೆಲ್ಲ, ಕಥೆ, ಪುಸ್ತಕ, ಪ್ರವಾಸಿ ತಾಣ, ಸರ್ಕಾರಿ ಕ್ರಮ ಎನ್ನದೆ, ಒಮ್ಮೆ ಒರೆಗೆ ಹಚ್ಚಬೇಕಾಗಿದೆ.

ಈ ಸೀಮೆಯವರಿಗೆ ಇದರ ಗರಜು ಏನು ಎಂದು ಯಾರಾದರೂ ಕೇಳಬಹುದು. ಕೃಷ್ಣಾ ತುಂಗಭದ್ರೆಗಳ ನಡುವಿನ ನಡಿಗಡ್ಡ, ಅದರಾಚೆಯ ಮಕ್ತಲ್, ನಾರಾಯಣಪೇಟೆ, ಎಲ್ಲವೂ ಹೊಲಗದ್ದೆಗಳ ನಾಡು. ಆದರೆ ಇಲ್ಲಿನ ಜನ ಒಂದೇ ಕಡೆ ನಿಲ್ಲುವವರಲ್ಲ. ಕುರಿಗಾರರು ಮೇವು ಹುಡುಕಿಕೊಂಡು ಹಿಂಡಿನ ಜೊತೆ ತಿಂಗಳುಗಟ್ಟಲೆ ಹೋಗುತ್ತಾರೆ. ಭಕ್ತರು ಶ್ರೀಶೈಲಕ್ಕೆ, ತಿರುಪತಿಗೆ ನಡೆಯುತ್ತಾರೆ. ನೈರುತ್ಯಕ್ಕೆ ಹೋದರೆ ಕೊಪ್ಪಳ, ಬಳ್ಳಾರಿಯ ಬಂಡೆಗಲ್ಲಿನ ಗುಡ್ಡಗಳು, ಆಗ್ನೇಯಕ್ಕೆ ಹೋದರೆ ನಲ್ಲಮಲ ಕಾಡು. ಎರಡೂ ಕರಡಿಯ ಸೀಮೆಗಳೇ. ಬಳ್ಳಾರಿ ಜಿಲ್ಲೆಯ ದರೋಜಿಯಲ್ಲಿ 1994ರಲ್ಲೇ ಕರಡಿಗಾಗಿ ಅಭಯಾರಣ್ಯ ಆಯಿತು, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಇನ್ನೊಂದು ಬಂತು. ನಲ್ಲಮಲದಲ್ಲಿ ತೆಲಂಗಾಣದ ಕಡೆಗೆ ಅಮ್ರಾಬಾದ್, ಆಂಧ್ರದ ಕಡೆಗೆ ನಾಗಾರ್ಜುನಸಾಗರ–ಶ್ರೀಶೈಲ, ಎರಡೂ ಹುಲಿ ರಕ್ಷಿತಾರಣ್ಯಗಳು. ಕರಡಿಗೂ ಅವೇ ಮನೆ.

ಮೊದಲು ಪ್ರಾಣಿಯನ್ನೇ ನೋಡಬೇಕು. ನಮ್ಮ ಕರಡಿ ಹುತ್ತ ಒಡೆದು ಗೆದ್ದಲು ತಿನ್ನುವ ಪ್ರಾಣಿ. ಮೇಲ್ದವಡೆಯ ನಡುವಿನ ಎರಡು ಹಲ್ಲು ಅದಕ್ಕಿಲ್ಲ. ಆ ಸಂದಿನಿಂದಲೇ ಉದ್ದ ತುಟಿ ಚಾಚಿ, ಮಣ್ಣು ಊದಿ, ಗೆದ್ದಲನ್ನು ಹೀರಿಕೊಳ್ಳುತ್ತದೆ. ಆ ಹೀರುವ ಸದ್ದು ನೂರೈವತ್ತು ಮೀಟರಿಗೂ ಆಚೆ ನಿಂತವರಿಗೆ ಕೇಳಿಸುತ್ತದೆ. ಆದರೆ ಆ ಗದ್ದಲದಲ್ಲಿ ಮುಳುಗಿರುವ ಕರಡಿಗೆ ಹತ್ತಿರ ಬರುತ್ತಿರುವ ಮನುಷ್ಯನ ಹೆಜ್ಜೆ ಕೇಳಿಸದೆ ಹೋಗಬಹುದು. ಕಣ್ಣು ಮಂದ, ಮೂಗು ಚುರುಕು. ಗಾಳಿ ಎದುರಿನಿಂದ ಬೀಸುತ್ತಿದ್ದರೆ ಆ ಮೂಗೂ ನಮ್ಮನ್ನು ಹಿಡಿಯದು. ಹೀಗಾಗಿ ಮನುಷ್ಯ ಹತ್ತಿಪ್ಪತ್ತು ಹೆಜ್ಜೆ ದೂರಕ್ಕೆ ಬಂದಮೇಲೆ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ. ದಾಳಿ ಆಗುವುದು ಬಹುಪಾಲು ಆ ಗಳಿಗೆಯಲ್ಲಿ.

ಅಂಥ ಹೊತ್ತಿನಲ್ಲಿ ಕರಡಿ ಓಡಿಹೋಗದೆ ಮೈಮೇಲೆ ಬೀಳುವುದೇಕೆ? ತಿಳಿದವರು ಕೊಡುವ ಕಾರಣ ಒಪ್ಪುವಂತಿದೆ. ಈ ಪ್ರಾಣಿ ಹುಲಿ ಚಿರತೆಗಳ ನಡುವೆ ಬೆಳೆದುಬಂದದ್ದು. ಬಯಲಿನಲ್ಲಿ, ಕುರುಚಲಿನಲ್ಲಿ ಹುಲಿಗೆ ಬೆನ್ನು ತೋರಿಸಿದರೆ ಉಳಿಗಾಲವಿಲ್ಲ. ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡೇ ತಿರುಗುತ್ತದೆ. ಇಂಥ ಪ್ರಾಣಿಗೆ ಉಳಿದ ದಾರಿ ಎಂದರೆ ಮೊದಲೇ ಏರಿಹೋಗಿ ಬೆದರಿಸುವುದು. ಅದು ಹಸಿವಿನಿಂದ ಬರುವುದಿಲ್ಲ, ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಹೆದರಿ ಬರುತ್ತದೆ. ಈ ಒಂದು ಮಾತು ಮನಸ್ಸಿಗೆ ಬಂದರೆ ಯಾವ ಉಪದೇಶ ಗಟ್ಟಿ, ಯಾವುದು ಟೊಳ್ಳು ಎಂಬುದನ್ನು ಅಳೆಯುವ ಕೋಲು ಸಿಕ್ಕಂತೆ.

ಆ ಕೋಲಿನಿಂದ ಶಾಲೆಯ ಕಥೆಯನ್ನು ಅಳೆದರೆ ಅದರ ದೋಷ ಸ್ಪಷ್ಟವಾಗಿ ಕಾಣುತ್ತದೆ. ಮರ ಹತ್ತಿದವನು ಬದುಕಿದ ಎನ್ನುತ್ತದೆ ಕಥೆ. ನಮ್ಮ ಕರಡಿ ಜೇನಿಗಾಗಿ ಮರ ಹತ್ತುತ್ತದೆ. ಓಟದಲ್ಲೂ ಅದು ಮನುಷ್ಯನನ್ನು ಮೀರಿಸುತ್ತದೆ. ಇನ್ನು ನೆಲಕ್ಕೆ ಬಿದ್ದವನು ಮುಖ ಮೇಲೆ ಮಾಡಿ ಮಲಗಿರುವ ಚಿತ್ರವನ್ನೇ ಮಕ್ಕಳು ನೋಡಿ ಬೆಳೆದಿದ್ದಾರೆ. ಕರಡಿ ದಾಳಿಗೆ ಸಿಕ್ಕವರಿಗೆ ಆಗುವ ಘೋರ ಗಾಯಗಳು ಹೆಚ್ಚಾಗಿ ಮುಖಕ್ಕೆ, ತಲೆಗೆ. ಮೂರು ನಾಲ್ಕು ಅಂಗುಲದ ಉಗುರು ಕಣ್ಣು, ಮೂಗು, ದವಡೆಯನ್ನು ಕಿತ್ತುಹಾಕುತ್ತದೆ. ಅಂದಮೇಲೆ ಮುಖವನ್ನೇ ಒಡ್ಡಿ ಮಲಗುವ ಪಾಠ ಎಂಥದ್ದು? ಕಥೆಯಲ್ಲಿ ಅರ್ಧ ನಿಜ ಇಲ್ಲದಿಲ್ಲ. ಕರಡಿ ಮೈಮೇಲೆ ಬಂದೇಬಿಟ್ಟಾಗ ಅಲುಗಾಡದೆ ಇದ್ದವರನ್ನು ಅದು ಬೇಗ ಬಿಟ್ಟುಹೋಗುವ ಸಂಭವ ಹೆಚ್ಚು, ಏಕೆಂದರೆ ಅದಕ್ಕೆ ಬೇಕಾದದ್ದು ಬೆದರಿಕೆ ತೊಲಗುವುದು. ಆದರೆ ಹಾಗೆ ಮಲಗಬೇಕಾದದ್ದು ಬೋರಲು. ಹೊಟ್ಟೆ ನೆಲಕ್ಕೆ, ಮುಖ ಮಣ್ಣಿಗೆ, ಎರಡೂ ಕೈ ಹೆಣೆದು ಕತ್ತಿನ ಹಿಂದೆ. ದೂರದಲ್ಲಿ ಕಂಡ ಕೂಡಲೇ ಬಿದ್ದುಕೊಳ್ಳುವುದಲ್ಲ, ಇನ್ನು ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ ಎಂದಾದಾಗ. ಅದು ಹೊರಟು ದೂರವಾಗುವ ತನಕ ಏಳಕೂಡದು.

ಊರಿನ ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಕರಡಿ ಇದೆ, ಬೀದಿಗೆ ಬರುತ್ತಿದ್ದ ಕರಡಿ. ಕಲಂದರರು ಮೂಗಿಗೆ ಹಗ್ಗ ಪೋಣಿಸಿ ಕುಣಿಸುತ್ತಿದ್ದರು. ಅಂಜುವ ಮಕ್ಕಳ ಕೊರಳಿಗೆ ಕರಡಿ ಕೂದಲಿನ ತಾಯತ ಕಟ್ಟಿಸುತ್ತಿದ್ದರು. ಹಲ್ಲು ಕಿತ್ತು, ಹೊಡೆದು ಪಳಗಿಸಿದ ಆ ಬಡಪ್ರಾಣಿಗಳ ಕುಣಿತ 2009ರ ಹೊತ್ತಿಗೆ ದೇಶದಲ್ಲಿ ಹೆಚ್ಚುಕಡಿಮೆ ನಿಂತಿತು. ಬಿಡಿಸಿ ತಂದ ಹಲವು ಕರಡಿಗಳು ಬೆಂಗಳೂರಿನ ಬನ್ನೇರುಘಟ್ಟದ ಆಶ್ರಯ ಸೇರಿದವು. ಆ ಕ್ರೌರ್ಯ ನಿಂತದ್ದು ಬಹಳ ಒಳ್ಳೆಯದಾಯಿತು. ಆದರೆ ಅದು ಕಲಿಸಿಹೋದ ಸಲುಗೆ ಇನ್ನೂ ಅಳಿದಿಲ್ಲ. ಗುಡ್ಡದ ಅಂಚಿನಲ್ಲಿ ಕರಡಿ ಕಂಡರೆ ಹುಡುಗರು ಮೊಬೈಲ್ ಹಿಡಿದು ಹತ್ತಿರ ಹೋಗುವುದು, ಕಲ್ಲೆಸೆಯುವುದು, ಗುಂಪುಗಟ್ಟಿ ಅಟ್ಟುವುದು, ಇವೆಲ್ಲ ಆ ಸಲುಗೆಯ ಮುಂದುವರಿಕೆಯೇ. ಅಟ್ಟಿಸಿಕೊಂಡ ಕರಡಿ ಕೊನೆಗೆ ಬೀಳುವುದು ಏನೂ ತಿಳಿಯದೆ ಎದುರಿನಿಂದ ಬರುವ ಯಾರೋ ಒಬ್ಬರ ಮೇಲೆ.

ಇನ್ನೊಂದು ಉಪದೇಶ ಕಡಲಾಚೆಯಿಂದ ಬರುತ್ತಿದೆ. ಅಮೆರಿಕದಲ್ಲಿ ಎರಡು ಬಗೆಯ ಕರಡಿಗಳಿಗೆ ಎರಡು ನಿಯಮ. ಕಂದು ಕರಡಿ ಮೈಮೇಲೆ ಬಂದರೆ ಅಲುಗಾಡದೆ ಬಿದ್ದುಕೊಳ್ಳಿ, ಕಪ್ಪು ಕರಡಿಯಾದರೆ ತಿರುಗಿ ಬಡಿಯಿರಿ. ಅಲ್ಲಿಗೆ ಅದು ಸರಿಯಿರಬಹುದು. ಅಲ್ಲಿನ ಕಪ್ಪು ಕರಡಿ ಸಾಮಾನ್ಯವಾಗಿ ಪುಕ್ಕಲು, ಅಪಾಯ ಕಂಡರೆ ಮರ ಹತ್ತಿ ಕೂರುವಂಥದ್ದು. ಈ ಮಾತನ್ನು ವಿಡಿಯೊದಲ್ಲಿ ಕೇಳಿದ ಕೊಪ್ಪಳದ ಹುಡುಗ ತನ್ನ ಗುಡ್ಡದ ಕರಡಿಯೂ ಕಪ್ಪಲ್ಲವೇ ಎಂದುಕೊಂಡು ಬರಿಗೈಲಿ ಬಡಿದಾಟಕ್ಕೆ ನಿಂತರೆ ಗತಿ ಏನು? ಬಣ್ಣ ಕಪ್ಪಾದರೂ ನಮ್ಮ ಕರಡಿಯ ಸ್ವಭಾವ ಅಲ್ಲಿನ ಕಂದು ಕರಡಿಗೇ ಹತ್ತಿರ. ಅಮೆರಿಕದಿಂದ ಕಲಿಯಬೇಕಾದದ್ದು ಬೇರೆ ಇದೆ. ಅಲಾಸ್ಕಾದಲ್ಲಿ 1985ರಿಂದ 2006ರವರೆಗಿನ ಘಟನೆಗಳನ್ನು ಕಲೆಹಾಕಿ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೆಣಸಿನ ಖಾರದ ಸ್ಪ್ರೇ ಕಂದು ಕರಡಿಗಳನ್ನು ಶೇ 92ರಷ್ಟು ಸಂದರ್ಭಗಳಲ್ಲಿ ತಡೆದಿತ್ತು. ನಮ್ಮಲ್ಲಿ ಕುರಿಗಾರರ ಕೈಗೆ, ಬೀಡಿ ಎಲೆ ಕೀಳುವವರ ಕೈಗೆ ಅಂಥದ್ದು ಎಟುಕುವ ಬೆಲೆಯಲ್ಲಿ ಸಿಗುವುದಿಲ್ಲ. ಗುಂಟೂರು, ಬ್ಯಾಡಗಿಯಂಥ ಮೆಣಸಿನಕಾಯಿ ಮಾರುಕಟ್ಟೆಗಳಿರುವ ನಾಡಿನಲ್ಲಿ ಇದೊಂದು ಕೊರತೆಯಾಗಿ ಉಳಿದಿರುವುದು ಬೇಸರದ ಸಂಗತಿ.

ಕನ್ನಡ ನಾಡಿನ ಕರಡಿಯ ಬಗ್ಗೆ ಹೊರಗಿನವರಿಗೆ ಗೊತ್ತಿರುವ ಬರಹ ಎಂದರೆ ಕೆನೆತ್ ಆಂಡರ್ಸನ್ ಬರೆದದ್ದು. 1957ರಲ್ಲಿ ಬಂದ ಅವರ ಪುಸ್ತಕದಲ್ಲಿ ಅರಸೀಕೆರೆ ಕಡೆಯ ಗುಡ್ಡಗಳಲ್ಲಿದ್ದ ಕರಡಿಯೊಂದರ ಕಥೆ ಇದೆ. ಅದು ಹನ್ನೆರಡು ಜನರನ್ನು ಕೊಂದು ಇನ್ನೂ ಹತ್ತಾರು ಜನರನ್ನು ಗಾಯಗೊಳಿಸಿತ್ತು ಎನ್ನುತ್ತಾರೆ ಅವರು. ಆಂಡರ್ಸನ್ ಅವರ ಬೇಟೆಯ ಬರಹಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಮೇಲೆ ಆ ಲೋಕ ಕನ್ನಡ ಓದುಗರಿಗೂ ಹತ್ತಿರದ್ದಾಯಿತು. ಕರಡಿಯ ಕಥೆಯ ಬಲ ಇರುವುದು ಅದರ ಸಣ್ಣ ವಿವರಗಳಲ್ಲಿ. ಹಣ್ಣು ಬಿಡುವ ಮರ, ಹೊಲದ ಅಂಚು, ಕತ್ತಲ ಹೊತ್ತು, ಒಂಟಿ ಮನುಷ್ಯ, ಎಲ್ಲ ಅನಾಹುತಗಳೂ ಇಂಥ ಕಡೆಯೇ ಆಗುತ್ತವೆ ಎಂಬುದು ಓದುತ್ತ ಹೋದಂತೆ ತಾನಾಗಿ ತಿಳಿಯುತ್ತದೆ. ಆ ಕರಡಿ ಯಾಕೆ ಹಾಗಾಯಿತು ಎಂಬ ಊರವರ ಕಥೆಗಳನ್ನು ಹೇಳಿದಮೇಲೂ, ಮನುಷ್ಯರಿಂದಲೇ ಗಾಯವಾಗಿ ಕೆರಳಿದ್ದಿರಬೇಕು ಎಂದು ಆಂಡರ್ಸನ್ ಊಹಿಸುತ್ತಾರೆ. ಅದು ವಿವೇಕದ ಊಹೆ.

ಆದರೆ ಆ ಬರಹದ ಕಟ್ಟು ಬೇಟೆಗಾರನದು. ಒಂದು ದುಷ್ಟ ಕರಡಿ, ಒಬ್ಬ ಕೋವಿಗಾರ, ಕೊನೆಗೆ ಒಂದು ಗುಂಡು. ಓದಿ ಮುಗಿಸಿದವರ ಮನಸ್ಸಿನಲ್ಲಿ ದಾಳಿ ಎಂದರೆ ಕೆಟ್ಟುಹೋದ ಒಂದು ಪ್ರಾಣಿಯ ಕೆಲಸ ಎಂಬ ಭಾವನೆ ನಿಂತುಬಿಡುತ್ತದೆ. ವಾಸ್ತವ ಹಾಗಿಲ್ಲ. ಛತ್ತೀಸಗಢದ ಉತ್ತರ ಬಿಲಾಸಪುರ ಅರಣ್ಯ ವಿಭಾಗ ಒಂದರಲ್ಲೇ 1998ರ ಏಪ್ರಿಲ್‌ನಿಂದ 2000ದ ಡಿಸೆಂಬರ್‌ವರೆಗೆ 137 ದಾಳಿಗಳು ದಾಖಲಾದವು, 11 ಜನ ಸತ್ತರು. ಇಷ್ಟೂ ಒಂದು ಹುಚ್ಚು ಕರಡಿಯ ಕೆಲಸವಲ್ಲ. ಸೌದೆಗೆ, ಕಾಡಿನ ಉತ್ಪನ್ನಕ್ಕೆ, ಹೊಲಕ್ಕೆ ಹೋದ ಸಾಮಾನ್ಯ ಜನ ಸಾಮಾನ್ಯ ಕರಡಿಗಳಿಗೆ ಅಚಾನಕ್ಕಾಗಿ ಎದುರಾದದ್ದು. ಸುಮಾರು ಹನ್ನೆರಡರಲ್ಲಿ ಹನ್ನೊಂದು ಜನ ಬದುಕಿದರು ಎಂಬುದನ್ನೂ ಈ ಲೆಕ್ಕ ಹೇಳುತ್ತದೆ. ಎಂಥ ಗಾಯ ಹೊತ್ತು ಬದುಕಿದರು ಎಂಬುದು ಲೆಕ್ಕಕ್ಕೆ ಸಿಗುವುದಿಲ್ಲ. ಇಂದು ಕೋವಿಯ ಮಾತಂತೂ ಇಲ್ಲವೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಕರಡಿ ಇದೆ. ನಿಜವಾದ ಆತ್ಮರಕ್ಷಣೆಗಾಗಿ ಕೊಲ್ಲಬೇಕಾಗಿ ಬಂದರೆ ಅದು ಅಪರಾಧವಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಹುಡುಕಿಕೊಂಡು ಹೋಗಿ ಕೊಲ್ಲುವುದು ಅಪರಾಧವೇ.

ದರೋಜಿಯ ವಿಷಯ ಸ್ವಲ್ಪ ನಾಜೂಕಿನದು. ಬಿಸಿಲಿಗೆ ಕಾದ ಬೋಳು ಬಂಡೆಗಳ ಮೇಲೆ ಮಧ್ಯಾಹ್ನ ಅರಣ್ಯ ಇಲಾಖೆಯ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಬರುತ್ತಾರೆ. ಸಂಜೆಯಾಗುತ್ತಿದ್ದಂತೆ ಗವಿಗಳಿಂದ ಒಂದೊಂದಾಗಿ ಕರಡಿಗಳು ಇಳಿದು ಬಂದು ಬಂಡೆ ನೆಕ್ಕುತ್ತವೆ. ಎದುರಿನ ಗುಡ್ಡದ ವೀಕ್ಷಣಾ ಗೋಪುರದಲ್ಲಿ ನಿಂತವರು ದುರ್ಬೀನಿನಲ್ಲಿ ಅದನ್ನು ನೋಡುತ್ತಾರೆ. ಮೈಮೇಲೆ ಎರಡು ಮರಿ ಹೊತ್ತ ತಾಯಿ ಕರಡಿಯನ್ನು ಅಲ್ಲಿ ಕಂಡ ಮಗು ಆ ಪ್ರಾಣಿಯನ್ನು ದ್ವೇಷಿಸಲಾರದು, ಅದು ದೊಡ್ಡ ಲಾಭ. ಆದರೆ ಆ ಮಗು ಮನೆಗೆ ಒಯ್ಯುವ ಕರಡಿಯ ಚಿತ್ರದಲ್ಲಿ ಬೆಳಕಿದೆ, ದೂರವಿದೆ, ಬೆಲ್ಲವಿದೆ. ಹೊಲದಲ್ಲಿ ಎದುರಾಗುವ ಕರಡಿಯ ಹತ್ತಿರ ಆ ಮೂರೂ ಇರುವುದಿಲ್ಲ. ಮನುಷ್ಯರ ವಾಸನೆಯ ಜೊತೆ ಸಿಹಿ ತಿನಿಸನ್ನು ಜೋಡಿಸಿಕೊಟ್ಟರೆ ಕಾಡುಪ್ರಾಣಿಯ ಅಂಜಿಕೆ ಸಡಿಲವಾಗುತ್ತದೆ ಎಂಬ ಆತಂಕವೂ ಪಕ್ಕಕ್ಕೆ ತಳ್ಳುವಂಥದ್ದಲ್ಲ. ಬೆಲ್ಲದ ಬದಲು ಕವಳಿ, ಕಾರೆ, ಬಾರಿ, ಈಚಲು, ಸೀತಾಫಲ ತಾವಾಗಿ ಬೆಳೆಯುವ ಗುಡ್ಡವನ್ನು ಉಳಿಸುವುದು, ಗವಿಗಳಿರುವ ಬಂಡೆಗಳನ್ನು ಗ್ರಾನೈಟ್ ಕ್ವಾರಿಗೆ ಬಿಡದಿರುವುದು, ಇವು ಕರಡಿಯನ್ನು ಶೇಂಗಾ ಹೊಲದಿಂದ ದೂರ ಇಡುವ ನೇರವಾದ ದಾರಿಗಳು. ಗೋಪುರಕ್ಕೆ ಬಂದವರಿಗೆ ಅದನ್ನು ಹೇಳುವ ಒಂದು ಫಲಕವಾದರೂ ಇರಬೇಕು.

ತಿರುಮಲದಲ್ಲಿ 2023ರ ಆಗಸ್ಟ್‌ನಲ್ಲಿ ಅಲಿಪಿರಿ ಮೆಟ್ಟಿಲ ದಾರಿಯಲ್ಲಿ ಚಿರತೆ ಒಂದು ಮಗುವನ್ನು ಕೊಂದಮೇಲೆ ದೇವಸ್ಥಾನದ ಆಡಳಿತ ನಡೆದುಹೋಗುವ ಭಕ್ತರ ಕೈಗೆ ಒಂದೊಂದು ಕೋಲು ಕೊಟ್ಟಿತು. ಆ ದಾರಿಯ ಆಸುಪಾಸಿನಲ್ಲಿ ಕರಡಿಯೂ ಓಡಾಡುತ್ತದೆ. ಕೋಲಿನಿಂದ ಚಿರತೆಯನ್ನು ಹೊಡೆಯಲಾದೀತೇ ಎಂದು ಬಹಳ ಜನ ನಕ್ಕರು. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕೋಲಿನ ಕೆಲಸ ಬಡಿಯುವುದಲ್ಲ, ಕಲ್ಲಿಗೆ ತಾಕಿ ಟಕಟಕ ಎನ್ನುವುದು, ಪೊದೆ ಅಲುಗಿಸುವುದು, ಅನಿವಾರ್ಯವಾದಾಗ ಮುಖಕ್ಕೂ ಉಗುರಿಗೂ ನಡುವೆ ಒಂದು ಮಾರು ಅಂತರ ಇಡುವುದು. ಗುಜರಾತಿನಲ್ಲಿ ಕರಡಿಯ ಸಂಶೋಧಕರು ಕೋಲಿಗೆ ಗಂಟೆ ಕಟ್ಟಿ ಹಳ್ಳಿಗರಿಗೆ ಕೊಟ್ಟದ್ದೂ ಇದೇ ತರ್ಕದ ಮೇಲೆ. ಕೋಲಿನ ಜೊತೆಗೆ ತಿರುಮಲದಲ್ಲಿ ಭಕ್ತರನ್ನು ಗುಂಪುಗುಂಪಾಗಿ ಬಿಟ್ಟರು, ಮಧ್ಯಾಹ್ನದ ಮೇಲೆ ಮಕ್ಕಳನ್ನು ಆ ದಾರಿಯಲ್ಲಿ ತಡೆದರು. ಇವು ಮೂರೂ ಸೇರಿ ಒಳ್ಳೆಯ ಕ್ರಮವಾಯಿತು.

ಆದರೆ ಎಲ್ಲಕ್ಕಿಂತ ಗಟ್ಟಿಯಾದ ಉದಾಹರಣೆ ನಮ್ಮ ಜನರೇ ಕಟ್ಟಿಕೊಂಡದ್ದು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಭಕ್ತರು ಸಾವಿರಾರು ಸಂಖ್ಯೆಯಲ್ಲಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು ದಾಟುವ ಆ ಕಾಡುದಾರಿ ನಲ್ಲಮಲದ ಒಡಲಿನಲ್ಲೇ ಹಾದುಹೋಗುತ್ತದೆ. ಕಂಬಿ ಹೊತ್ತವರು, ಕಾಲಿಗೆ ಬಟ್ಟೆ ಸುತ್ತಿಕೊಂಡ ಮುದುಕಿಯರು, ಮರಗಾಲು ಕಟ್ಟಿಕೊಂಡ ಹರಕೆಯವರು, ಮಲ್ಲಯ್ಯನನ್ನು ಕೂಗಿ ಕರೆಯುತ್ತ, ಹಾಡುತ್ತ, ಒಬ್ಬರ ಹಿಂದೊಬ್ಬರು ನಡೆಯುತ್ತಾರೆ. ಇದನ್ನು ಯಾರೂ ಕರಡಿಗಾಗಿ ರೂಪಿಸಲಿಲ್ಲ. ಆದರೂ ಪರಿಣತರು ಹೇಳುವ ಎರಡು ಮುಖ್ಯ ಮಾತು, ಒಂಟಿಯಾಗಿ ಹೋಗಬೇಡಿ, ಸದ್ದು ಮಾಡುತ್ತ ಹೋಗಿ ಎಂಬುದು, ಇಲ್ಲಿ ತಾನಾಗಿ ಪಾಲನೆಯಾಗುತ್ತದೆ. ಕರಡಿಗೆ ಬೇಕಾದದ್ದು ಅಷ್ಟೇ, ಮುಂಚಿತವಾಗಿ ಸುಳಿವು. ಸುಳಿವು ಸಿಕ್ಕರೆ ಅದೇ ಸರಿದುಹೋಗುತ್ತದೆ. ಗುಂಪಿನಿಂದ ಹಿಂದುಳಿದು ಒಂಟಿಯಾದವರು, ನೀರಿಗಾಗಿ ದಾರಿ ಬಿಟ್ಟು ಹಳ್ಳಕ್ಕೆ ಇಳಿದವರು, ಕತ್ತಲಲ್ಲಿ ಮುಂದೆ ಸಾಗಿದವರು, ಅಪಾಯ ಇರುವುದು ಇವರಿಗೆ.

ಇಷ್ಟೆಲ್ಲ ಅಳೆದು ಸುರಿದಮೇಲೆ ಉಳಿಯುವ ಬುದ್ಧಿಮಾತು ದೊಡ್ಡದೇನಲ್ಲ. ನಸುಕು, ಮುಸ್ಸಂಜೆ, ರಾತ್ರಿ ಕರಡಿಯ ಹೊತ್ತು. ಆ ಹೊತ್ತಿನಲ್ಲಿ ಪೊದೆ, ಹುತ್ತ, ಬಂಡೆ ಸಂದು, ಹಣ್ಣಿನ ಗಿಡಗಳ ಕಡೆ ಹೋಗುವುದನ್ನು ಬಿಡಬೇಕು. ಹೋಗಲೇಬೇಕಾದರೆ ಜೊತೆಗೊಬ್ಬರು, ಕೈಯಲ್ಲಿ ಬ್ಯಾಟರಿ, ಬಾಯಲ್ಲಿ ಮಾತು. ಕಿವಿಗೆ ಹಾಡಿನ ವೈರು ಸಿಕ್ಕಿಸಿಕೊಂಡು ಹೋಗುವವರಿಗೆ ಗೆದ್ದಲು ಹೀರುವ ಆ ಸದ್ದು ಕೇಳಿಸುವುದೇ ಇಲ್ಲ. ದೂರದಲ್ಲಿ ಕಂಡರೆ ಬೆನ್ನು ತಿರುಗಿಸಿ ಓಡದೆ, ಅದನ್ನೇ ನೋಡುತ್ತ ಹಿಂದೆ ಹಿಂದೆ ಸರಿಯಬೇಕು, ಅದು ಹೋಗುವ ದಾರಿಗೆ ಅಡ್ಡ ನಿಲ್ಲಬಾರದು. ಮರಿ ಒಂಟಿಯಾಗಿ ಕಂಡರೆ ತಾಯಿ ಅಲ್ಲೇ ಇದೆ ಎಂದೇ ತಿಳಿಯಬೇಕು.

ಆದರೆ ಇಷ್ಟು ಹೇಳಿ ಕೈತೊಳೆದುಕೊಂಡರೆ ಅದು ಅನ್ಯಾಯ. ರಾತ್ರಿ ಹೊಲಕ್ಕೆ ಹೋಗಬೇಡಿ ಎಂದು ಕರಪತ್ರದಲ್ಲಿ ಅಚ್ಚು ಹಾಕುವುದು ಸುಲಭ. ಕರ್ನಾಟಕದ ರೈತನಿಗೆ ಮೋಟರಿಗೆ ಸಿಗುವ ತ್ರೀಫೇಸ್ ಕರೆಂಟು ದಿನಕ್ಕೆ ಏಳು ತಾಸು, ಅದೂ ಪಾಳಿಯ ಮೇಲೆ, ಎಷ್ಟೋ ಕಡೆ ರಾತ್ರಿಯೇ. ಕರೆಂಟು ಬಂದಾಗ ನೀರು ಬಿಡಲು ಎದ್ದು ಹೋಗಲೇಬೇಕು, ಒಬ್ಬನೇ. ಗಡಿಯ ಈಚೆ ತೆಲಂಗಾಣದಲ್ಲಿ 2018ರ ಜನವರಿ 1ರಿಂದ ಕೃಷಿಗೆ ದಿನದ 24 ತಾಸೂ ಉಚಿತ ವಿದ್ಯುತ್ ಕೊಡುವ ಯೋಜನೆ ಜಾರಿಗೆ ಬಂತು. ಅದರ ಖರ್ಚಿನ ಬಗ್ಗೆ, ಅಂತರ್ಜಲದ ಬಗ್ಗೆ ವಾದಗಳಿವೆ, ಇರಲಿ. ಮಕ್ತಲ್ ಕಡೆಯ ರೈತ ಹಗಲಲ್ಲಿ ಸ್ಟಾರ್ಟರ್ ಒತ್ತಿ ರಾತ್ರಿ ಮಲಗಬಹುದಾದರೆ, ಹಾವು, ಹಂದಿ, ಕರಡಿ ಮೂರರಿಂದಲೂ ಅವನಿಗೆ ಅದೇ ದೊಡ್ಡ ರಕ್ಷಣೆ. ಕೊಪ್ಪಳ ಬಳ್ಳಾರಿಯ ಗುಡ್ಡದಂಚಿನ ಹಳ್ಳಿಗಳಿಗಾದರೂ ಹಗಲಿನ ಪಾಳಿಯನ್ನೇ ಮೀಸಲಿಡುವುದು, ಇಲ್ಲವೇ ಹಗಲಲ್ಲಷ್ಟೇ ಓಡುವ ಸೌರ ಪಂಪ್‌ಸೆಟ್ ಅಲ್ಲಿಗೆ ಮೊದಲು ಕೊಡುವುದು ಕರಡಿ ಸಂರಕ್ಷಣೆಯ ಕೆಲಸವೂ ಹೌದು. ಬೆಳಗಿನ ಜಾವ ತಂಬಿಗೆ ಹಿಡಿದು ಬಯಲಿಗೆ ಹೋಗುವ ಹೆಣ್ಣುಮಕ್ಕಳ ವಿಷಯದಲ್ಲೂ ಹೀಗೆಯೇ. ಮನೆಯಲ್ಲಿ ಪಾಯಖಾನೆ ಕಟ್ಟಿ ಅದಕ್ಕೆ ನೀರು ಕೊಡದಿದ್ದರೆ ಅವರು ಗುಡ್ಡದ ಮರೆಗೇ ಹೋಗಬೇಕು.

ದಾಳಿಯ ನಂತರದ ಮೊದಲ ತಾಸಿನ ಬಗ್ಗೆ ನಮ್ಮ ತಿಳಿವಳಿಕೆ ತೀರ ಬಡವಾಗಿದೆ. ಕಿತ್ತುಹೋದ ಮುಖಕ್ಕೆ ಅರಿಶಿನ, ಸುಣ್ಣ, ಸೊಪ್ಪಿನ ರಸ ಮೆತ್ತುವುದರಿಂದ ಮುಂದೆ ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಬಾಯಿ ಮೂಗಿನಲ್ಲಿ ರಕ್ತ ಕಟ್ಟಿ ಉಸಿರು ನಿಲ್ಲದಂತೆ ಒಂದು ಮಗ್ಗುಲಿಗೆ ಮಲಗಿಸಿ, ಇಲ್ಲವೇ ಮುಂದಕ್ಕೆ ಬಾಗಿಸಿ ಕೂರಿಸಿ 108ಕ್ಕೆ ಕರೆ ಮಾಡಬೇಕು. ಜೋತುಬಿದ್ದ ಚರ್ಮವನ್ನು ಕತ್ತರಿಸಬಾರದು, ಅದೇ ಮುಂದೆ ಮುಖವಾಗುತ್ತದೆ. ಸಣ್ಣ ಪರಚುಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಗಾಯ ಎಂಥದ್ದೇ ಇರಲಿ ಧನುರ್ವಾಯುವಿನ ಜೊತೆಗೆ ರೇಬಿಸ್ ಚುಚ್ಚುಮದ್ದೂ ಬೇಕು. ನಾಯಿ ಕಚ್ಚಿದರೆ ಮಾತ್ರ ಅದು ಎಂದುಕೊಂಡು ಬಿಟ್ಟುಬಿಡುವವರಿದ್ದಾರೆ.

ಕೃಷ್ಣಾ ಮಂಡಲದ ಕನ್ನಡ ಶಾಲೆಗಳಲ್ಲಿ ಇಷ್ಟನ್ನು ಒಂದು ಪುಟದ ಪಾಠ ಮಾಡಬಹುದು, ಚಿತ್ರದಲ್ಲಿ ಹುಡುಗ ಬೋರಲು ಮಲಗಿರಲಿ. ಕುರಿಗಾರರು ಹಿಂಡು ಹೊರಡಿಸುವ ಮುನ್ನ, ಬೀಡಿ ಎಲೆಯ ಕೆಲಸ ಆರಂಭವಾಗುವ ಮುನ್ನ, ಯುಗಾದಿ ಪಾದಯಾತ್ರೆಯ ದಾಸೋಹದ ಪೆಂಡಾಲುಗಳಲ್ಲಿ, ಕನ್ನಡ ತೆಲುಗು ಎರಡರಲ್ಲೂ ಇದನ್ನು ಮೈಕಿನಲ್ಲಿ ಹೇಳಬಹುದು. ಕರ್ನಾಟಕ, ತೆಲಂಗಾಣ, ಆಂಧ್ರದ ಅರಣ್ಯ ಇಲಾಖೆಗಳು ಒಂದೇ ಹಾಳೆಗೆ ಒಪ್ಪಿ, ಎರಡೂ ಭಾಷೆಯಲ್ಲಿ ಅಚ್ಚು ಹಾಕಿಸಿ, ಕೆಳಗೆ ಆಯಾ ವಲಯ ಕಚೇರಿಯ ಫೋನ್ ನಂಬರು ಬರೆದು, ಮುಂದಿನ ಯುಗಾದಿಗೆ ಮೊದಲು ಹಂಚಲು ಹೊಸ ಕಾನೂನೂ ಬೇಕಿಲ್ಲ, ದೊಡ್ಡ ದುಡ್ಡೂ ಬೇಕಿಲ್ಲ.